ಲೈಟ್ ಹೋದಾಗ ಬರುತ್ತಿದ್ದ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಫೋನಿನಲ್ಲಿ. ನಮ್ಮ ಶಾಲೆಯ ಹಳೆಯ ಮಕ್ಕಳು, ಪಾಲಕರು, ಮಾಸ್ತರುಗಳು ಎಲ್ಲ ಸೇರಿ ಮಾಡಿಕೊಂಡ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಯಾರೋ ಅವರ ಹಳೆಯ ಫೋಟೋ ಹಾಕಿ, ಸುತ್ತಲೂ ಹೂವಿನ ಚೌಕಟ್ಟು ಕೂಡಿಸಿ, ‘ಮಕ್ಕಳ ಪಾಲಿನ ತಾಯಿ ಇನ್ನಿಲ್ಲ’ ಎಂದು ಬರೆದಿದ್ದರು. ಕೆಳಗೆ ಸಾಲಾಗಿ ಮುಗಿದ ಕೈಗಳು. ಕೈ ಮುಗಿದವರ ಹೆಸರುಗಳನ್ನು ಓದುತ್ತಾ ಹೋದೆ. ಅರ್ಧಕ್ಕರ್ಧ ಜನ, ಅಕ್ಕೋರು ಓಣಿಗೆ ಬಂದರೆಂದರೆ ಬಾಗಿಲು ಹಾಕಿಕೊಂಡವರೇ. ಬದುಕಿದ್ದಾಗ ಒಂದು ತಂಬಿಗೆ ನೀರು ಕೊಡದವರು ಸತ್ತ ಮೇಲೆ ಹೂವಿನ ಚೌಕಟ್ಟು ಕೊಡುತ್ತಾರೆ. ನನಗೆ ಸಿಟ್ಟು ಬಂತು. ನಾನು ಕೈ ಮುಗಿಯಲಿಲ್ಲ, ಫೋನನ್ನು ಬೋರಲು ಹಾಕಿ ಚಹಾ ಕುಡಿಯಲು ಎದ್ದೆ.

ನಾನು ಜಮಖಂಡಿಯವನು. ದಿನಾ ಬಸ್ಸು ಹಿಡಿದು ಬನಹಟ್ಟಿಯ ಒಂದು ಪ್ರಾಥಮಿಕ ಶಾಲೆಗೆ ಹೋಗಿ ಕನ್ನಡ ಕಲಿಸುತ್ತಿದ್ದೆ. ಅವರು ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಕಡೆ ಹೆಣ್ಣು ಶಿಕ್ಷಕಿಯರಿಗೆಲ್ಲ ಅಕ್ಕೋರು ಅನ್ನುತ್ತಾರಾದ್ದರಿಂದ ಇಲ್ಲಿಯೂ ಅಷ್ಟೇ ಅನ್ನುತ್ತೇನೆ, ಹೆಸರು ಬರೆಯುವುದಿಲ್ಲ. ಬರೆಯಬಾರದು ಎಂದು ಅವರೇ ನನಗೆ ಕಲಿಸಿದ್ದು.

ಅದೊಂದು ಜಗಳದ ಕಥೆ. ನಮ್ಮ ಹೆಡ್ ಮಾಸ್ತರರಿಗೆ ಫೇಸ್‌ಬುಕ್ಕಿನ ಹುಚ್ಚು ಹೊಸದಾಗಿ ಹಿಡಿದಿತ್ತು. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಪಡೆದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಫೋಟೋ ಹೊಡೆದು, ಪ್ರತಿಯೊಬ್ಬಳ ಹೆಸರು, ಅಪ್ಪನ ಹೆಸರು, ಓಣಿ, ಇಯತ್ತೆ, ಶಾಲೆ ಎಲ್ಲವನ್ನೂ ಕೆಳಗೆ ಬರೆದು ಹಾಕಿದ್ದರು. ಅಕ್ಕೋರು ಅದನ್ನು ನೋಡಿದ್ದೇ ತಡ, ಪಾಠ ಅರ್ಧಕ್ಕೆ ಬಿಟ್ಟು ಹೆಡ್ ಮಾಸ್ತರರ ಕೋಣೆಗೆ ನುಗ್ಗಿದರು.

“ಸರ್ರ, ನಮ್ಮಪ್ಪ ಕುರಿ ಹಿಂಡು ಎಲ್ಲಿ ನಿಲ್ಲಿಸ್ಯಾನ, ಅದರಾಗ ಎಳಿ ಮರಿ ಎಷ್ಟದಾವು, ಕಾಯೋರು ಯಾವಾಗ ಉಣ್ಣಾಕ ಹೊಕ್ಕಾರು ಅಂತ ಊರಾಗ ಡಂಗುರಾ ಹೊಡಸ್ತಿದ್ದಿಲ್ರಿ.”

“ಅಕ್ಕೋರ, ಇದು ಅಭಿಮಾನರೀ. ಶಾಲಿ ಹೆಸರು ಮುಂದ ಬರಬೇಕಲ್ಲ?”

“ಶಾಲಿ ಹೆಸರು ಬರಲಿ. ಕೂಸಿನ ಮಾರಿ, ಕೂಸಿನ ಹೆಸರು, ಕೂಸಿನ ವಿಳಾಸ ಮೂರೂ ಒಂದ ಕಡೆ ಯಾಕ ಇಟ್ಟೀರಿ? ಯಾರಿಗೆ ಅನುಕೂಲ ಮಾಡಾಕತ್ತೀರಿ?”

ಹೆಡ್ ಮಾಸ್ತರರು ಆ ಫೋಟೋ ತೆಗೆಯುವವರೆಗೂ ಅಕ್ಕೋರು ಅಲ್ಲಿಂದ ಕದಲಲಿಲ್ಲ. ತೆಗೆದ ಮೇಲೆ ಥ್ಯಾಂಕ್ಸ್ ಕೂಡ ಹೇಳದೆ ತಮ್ಮ ವರ್ಗಕ್ಕೆ ಹೋದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು. ಕುರಿ ಕಾಯುವವರ ಮಗಳು ಎಲ್ಲೆಲ್ಲೂ ತೋಳವನ್ನೇ ನೋಡುತ್ತಾಳೆ ಎಂದು ಯಾರೋ ಅಂದರು.

ಅವರದು ತುಬಚಿ ಕಡೆಯ ಊರು, ಬೀರೇಶ್ವರನ ಒಕ್ಕಲು. ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚದೆ ಸೋಮವಾರ ಶಾಲೆಗೆ ಬಂದವರಲ್ಲ. ಅಪ್ಪನ ಕಾಲಕ್ಕೇ ಕುರಿ ಮುಗಿದು, ಅಣ್ಣಂದಿರು ಹೊಲ ಹಿಡಿದು, ಇವರು ನೌಕರಿ ಹಿಡಿದರು. ಆದರೆ ಗಂಟಲು ಮಾತ್ರ ಕುರಿ ಹಿಂಡಿನ ಹಿಂದೆ ಓಡಾಡಿದ ಕಾಲದ್ದೇ ಉಳಿದಿತ್ತು. ನಾನು ಆರನೇ ಇಯತ್ತೆಗೆ ಒಂದು ಪದ್ಯ ಓದಿ ಅದರ ಅಂದ ಬಿಡಿಸುವಾಗ ಪಕ್ಕದ ಕೋಣೆಯಿಂದ ಅವರ ಭಾಗಾಕಾರ ಬಂದು ಬೀಳುತ್ತಿತ್ತು. ದೂರು ಹೇಳಿದರೆ, “ನಿಮ್ಮ ಪದ್ಯ ಹುಡುಗೂರಿಗೆ ನಿದ್ದಿ ಬರಸ್ತೈತಿ, ನನ್ನ ದನಿ ಎಬ್ಬಸ್ತೈತಿ, ಉಪಕಾರ ಅನ್ರಿ” ಅನ್ನುತ್ತಿದ್ದರು. ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ಕ್ಷಮೆ ಕೇಳುವುದಂತೂ ಇಲ್ಲವೇ ಇಲ್ಲ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ತಂದು ಎಲ್ಲರಿಗೂ ಹಂಚಿ, ನಮ್ಮ ನಮ್ಮ ಮನೆಯ ಅಡಿಗೆಯಲ್ಲಿ ತಪ್ಪು ಹುಡುಕುತ್ತಿದ್ದರು. ಸಹಿಸಲು ಕಷ್ಟದ ಹೆಂಗಸು. ಇದನ್ನು ಹೇಳದಿದ್ದರೆ ನಾನೂ ಆ ಹೂವಿನ ಚೌಕಟ್ಟಿನವರ ಸಾಲಿಗೆ ಸೇರುತ್ತೇನೆ.

ಫೋನೆಂದರೆ ಅವರಿಗೆ ಆಗದು ಎಂದು ಊರಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು. ಸುಳ್ಳು. ಊಟದ ಬಿಡುವಿನಲ್ಲಿ ಅವರಷ್ಟು ಫೋನು ನೋಡುವವರು ನಮ್ಮಲ್ಲಿ ಇರಲಿಲ್ಲ. ಡೊಳ್ಳಿನ ಪದ ಹಚ್ಚಿಕೊಂಡು ತಲೆದೂಗುತ್ತಿದ್ದರು. ಮಕ್ಕಳು ಆಡುವ ಆಟವನ್ನೆಲ್ಲ ತಾವೂ ಇಳಿಸಿಕೊಂಡು ಆಡಿ ನೋಡುತ್ತಿದ್ದರು, ಸೋತಾಗ ಬೈಯುತ್ತಿದ್ದರು. “ಬಾವಿ ಐತಿ ಅಂತ ನೀರ ಕುಡಿಯೂದು ಬಿಡತೀವೇನ್ರಿ? ಸುತ್ತ ಕಟ್ಟಿ ಕಟ್ಟಬೇಕು, ಹುಡುಗೂರಿಗೆ ಈಸ ಕಲಸಬೇಕು” ಎನ್ನುವುದು ಅವರ ವಾದ.

ಈಗ ಬನಹಟ್ಟಿಯ ಮಗ್ಗದ ಮನೆಗಳ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ಓಣಿಗೆ ಓಣಿಯೇ ಪಾವರ್‌ಲೂಮು. ಮನೆಯ ಮುಂಭಾಗದಲ್ಲೋ ಹಿತ್ತಲಲ್ಲೋ ಮಗ್ಗ, ಅದಕ್ಕೆ ಅಂಟಿಕೊಂಡು ಅಡಿಗೆ ಮನೆ, ಮಲಗುವ ಕೋಣೆ. ಗಂಡ ಹೆಂಡಿರಿಬ್ಬರೂ ಮಗ್ಗದ ಮುಂದೆ. ಮಗ್ಗ ತಿರುಗಿಸುವ ಬೆಲ್ಟಿನ ಪಟ್ಟಾಕ್ಕೆ ಮಗುವಿನ ಬೆರಳೋ ಅಂಗಿಯ ತುದಿಯೋ ಸಿಕ್ಕರೆ ಮುಗಿಯಿತು. ಹಿಂದೆ ಅಂಬೆಗಾಲಿಡುವ ಕೂಸಿನ ನಡುವಿಗೆ ಹಳೆಯ ಸೀರೆ ಸುತ್ತಿ ಕಂಬಕ್ಕೆ ಕಟ್ಟುತ್ತಿದ್ದರು. ಸ್ವಲ್ಪ ದೊಡ್ಡವಾದರೆ ಹೊಸ್ತಿಲು ದಾಟಿ ಮಗ್ಗದ ಕೋಣೆಗೆ ಕಾಲಿಡಬಾರದು ಎಂದು ಹೊಡೆದು ಕಲಿಸುತ್ತಿದ್ದರು. ಆಮೇಲೆ ಫೋನಿನ ನೆಟ್ಟು ಅಗ್ಗವಾಯಿತು. ಸೀರೆ, ಕಂಬ, ಹೊಡೆತ ಯಾವುದೂ ಬೇಡವಾಯಿತು. ಮಗುವಿನ ಕೈಗೆ ಫೋನು ಕೊಟ್ಟು ಒಳಕೋಣೆಯಲ್ಲಿ ಕೂಡಿಸಿ, ನೂಲಿನ ದೂಳು ಹೋಗದಿರಲಿ ಎಂದು ಬಾಗಿಲು ಮುಂದಕ್ಕೆಳೆದರೆ ಮಗು ಮಗ್ಗದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ತಾಯಂದಿರಿಗೆ ನೆಮ್ಮದಿ. ಫೋನು ಕೊಟ್ಟದ್ದು ಮುದ್ದಿಗಲ್ಲ, ಜೀವ ಉಳಿಯಲಿ ಎಂದು. ಇದನ್ನು ಮೊದಲು ಅರ್ಥ ಮಾಡಿಕೊಂಡವರು ಅಕ್ಕೋರೇ. ನಾವು ಉಳಿದವರು ಪಾಲಕರ ಅಜ್ಞಾನದ ಬಗ್ಗೆ ಭಾಷಣ ಮಾಡುತ್ತಿದ್ದೆವು.

“ಅವರು ಖರೆ ಹೆದರಿಕಿಗೇ ಕೊಡತಾರ್ರಿ ಸರ್ರ” ಅಂದಿದ್ದರು ನನಗೆ. “ಕಣ್ಣಿಗೆ ಕಾಣೂ ಪಟ್ಟಾಕ ಹೆದರತಾರ. ಕಾಣಲಾರದ್ದಕ್ಕ ಯಾರ್ ಹೆದರತಾರ?”

ಪಾಲಕರ ಸಭೆ ಕರೆದರೆ ಯಾರೂ ಬರುತ್ತಿರಲಿಲ್ಲ. ಮಗ್ಗ ನಿಲ್ಲಿಸಿದರೆ ಆ ದಿನದ ದುಡಿಮೆ ಹೋಯಿತು, ಯಾರು ಬರುತ್ತಾರೆ? ಅಕ್ಕೋರು ಇದಕ್ಕೂ ಒಂದು ದಾರಿ ಕಂಡುಕೊಂಡರು. ಲೈಟ್ ಹೋದಾಗ ಮಗ್ಗ ತಾನಾಗಿಯೇ ನಿಲ್ಲುತ್ತದೆ. ಇಡೀ ಓಣಿ ಒಮ್ಮೆಲೇ ಗಪ್ಪಾಗುತ್ತದೆ. ಹೆಂಗಸರು ತಲೆಯ ಮೇಲಿನ ನೂಲಿನ ಹಿಂಜು ಕೊಡವಿಕೊಳ್ಳುತ್ತಾ ಹೊರಗೆ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಫ್ಯಾನು ನಿಂತರೆ ನಾವು ಶಪಿಸುತ್ತಿದ್ದೆವು. ಅವರ ಮುಖ ಅರಳುತ್ತಿತ್ತು. ಚೀಲ ಹೆಗಲಿಗೇರಿಸಿ, “ಲೈಟ್ ಹೋತು, ನಾ ಬರ್ತೇನ್ರಿ” ಎಂದು ಓಣಿಯ ಕಡೆ ನಡೆದುಬಿಡುತ್ತಿದ್ದರು.

ಹೆಡ್ ಮಾಸ್ತರರಿಗೆ ಭಯ. “ಈಕಿ ಎಲ್ಲಿ ಯಾರ ಜೋಡಿ ಜಗಳಾ ತೆಗಿತಾಳೋ, ನೀವೂ ಜೋಡಿ ಹೋಗ್ರಿ” ಎಂದು ನನ್ನನ್ನು ಕಳಿಸುತ್ತಿದ್ದರು. ಹಾಗೆ ನಾನೂ ಆ ಕಟ್ಟೆಗಳ ಮೇಲೆ ಕೂತೆ. ಅಲ್ಲಿ ಅಕ್ಕೋರು ಭಾಷಣ ಮಾಡುತ್ತಿರಲಿಲ್ಲ. ಮೊದಲು ಮಗ್ಗದ ಕಷ್ಟ ಕೇಳುತ್ತಿದ್ದರು, ನೂಲಿನ ವ್ಯಾಪಾರಿಗಳನ್ನು ಎಲ್ಲರ ಜೊತೆ ಸೇರಿ ಬೈಯುತ್ತಿದ್ದರು. ಆಮೇಲೆ ಮೆಲ್ಲಗೆ, “ಮಗಾ ಏನ್ ಆಟಾ ಆಡತೈತಿ ಫೋನಿನ್ಯಾಗ? ನೀ ಒಂದ ಸರ್ತಿ ಆಡಿ ನೋಡೀಯೇನು?” ಎಂದು ಶುರು. ಫೋನು ಒಳಕೋಣೆಯಲ್ಲಿ ಬೇಡ, ಪಡಸಾಲೆಯಲ್ಲೇ ನೋಡಲಿ, ನೂಲಿನ ದೂಳು ಹೊಕ್ಕರೆ ಹೊಗಲಿ. ಗುರುತಿಲ್ಲದವರು ಮಾತಿಗೆ ಬಂದರೆ ಅದು ಆಟವಲ್ಲ. ಅವ್ವನಿಗೆ ಹೇಳಬೇಡ ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಅವ್ವನಿಗೆ ಹೇಳಬೇಕು. ಇಂಥ ನಾಲ್ಕು ಮಾತು, ನಾಲ್ಕು ಮನೆಗೆ ನಾಲ್ಕು ಬಗೆಯಲ್ಲಿ.

ಎಲ್ಲದಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದುದು ಮಾತ್ರ ಒಂದೇ. “ತೋಳ ಬಂದಾಗ ನಾಯಿ ಬೊಗಳತೈತಿ. ನಿದ್ದಿ ಕೆಡಿಸ್ತು ಅಂತ ನಾಯಿಗೆ ಬಡದ್ರಿ ಅಂದ್ರ ಮರುದಿನ ತೋಳ ಬಂದ್ರೂ ಅದು ಸುಮ್ಮ ಕುಂಡರತೈತಿ. ಕೂಸು ಬಂದು ಹೇಳಿದ್ರ ಬಡಿಬ್ಯಾಡ್ರವಾ.” ಹೆಂಗಸರು ನಗುತ್ತಿದ್ದರು. ನಮ್ಮ ಮಕ್ಕಳನ್ನು ನಾಯಿ ಅನ್ನುತ್ತೀರಲ್ಲ ಅಕ್ಕೋರ ಎಂದು ಒಬ್ಬಾಕೆ ಮುನಿಸಿಕೊಂಡಿದ್ದೂ ಉಂಟು.

ಐದನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕದಲ್ಲಿ ಬಲು ಚುರುಕು. ಅಕ್ಕೋರು ಹಲಗೆಯ ಮೇಲೆ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿ, ಅಕ್ಕೋರಿಂದ “ಗಪ್ಪ ಕುಂಡ್ರ ಬೇ, ಉಳದವ್ರೂ ಮಾಡಲಿ” ಎಂದು ಬೈಸಿಕೊಳ್ಳುತ್ತಿದ್ದಳು. ಹೊಗಳದ ಅಕ್ಕೋರು ಅವಳೊಬ್ಬಳ ಬಗ್ಗೆ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟಿದ್ದರು: “ಈಕಿ ನನಗಿಂತ ಛಲೋ ಮಾಸ್ತರಿಣಿ ಆಗತಾಳ, ಬರದು ಇಟ್ಕೋರಿ.” ಅವಳ ಮನೆಯಲ್ಲಿ ಎರಡು ಮಗ್ಗ. ಅಪ್ಪ ಒಂದರ ಮುಂದೆ, ಅವ್ವ ಒಂದರ ಮುಂದೆ.

ಒಂದು ದಿನ ನಾವು ಆ ಹುಡುಗಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಅಂದು ಲೈಟು ಹೋಗಿ ಬಂದು ಮಾಡುತ್ತಿತ್ತು. ಬಂದ ಕೂಡಲೇ ಎಲ್ಲರೂ ಎದ್ದು ಮಗ್ಗಕ್ಕೆ ಹೋದರು. ಮನೆಯಾಕೆ ಚಹಾ ಕೊಟ್ಟು, “ಕುಡದು ಹೋಗ್ರಿ ಅಕ್ಕೋರ” ಎಂದು ತಾನೂ ಒಳಗೆ ಹೋದಳು. ಅವಳ ಹಿಂದೆಯೇ ಓಣಿಯ ಗದ್ದಲ ಶುರುವಾಯಿತು. ಪಕ್ಕದಲ್ಲಿದ್ದ ಅಕ್ಕೋರ ಮಾತೂ ನನಗೆ ಕೇಳದಷ್ಟು ಗದ್ದಲ. ಚಹಾ ಇನ್ನೂ ಮುಗಿದಿರಲಿಲ್ಲ, ಲೈಟು ಮತ್ತೆ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು.

ಆ ಗಪ್ಪಿನಲ್ಲಿ, ಮನೆಯ ಒಳಕೋಣೆಯಿಂದ ಒಬ್ಬ ಗಂಡಸಿನ ದನಿ ಕೇಳಿತು. ಮಗ್ಗದ ಸದ್ದಿನಲ್ಲಿ ಕೇಳಲೆಂದು ಮಗು ಫೋನಿನ ದನಿಯನ್ನು ಪೂರ್ತಿ ಏರಿಸಿತ್ತು. “ಬಾಗಿಲು ಹಾಕಿದ್ದೀಯಲ್ವಾ ಪುಟ್ಟಾ? ಅಮ್ಮ ಬರಲ್ಲ ತಾನೇ? ಇದು ನಮ್ಮಿಬ್ಬರ ಗುಟ್ಟು, ಗೊತ್ತಲ್ಲಾ?”

ನಮ್ಮ ಕಡೆಯ ಮಾತಲ್ಲ. ಎಲ್ಲಿಯವನೋ ಏನೋ. ಅವನ ಹಿಂದೆಯೇ ಹುಡುಗಿಯ ದನಿ, ಮಾಸ್ತರರಿಗೆ ಉತ್ತರ ಕೊಟ್ಟಷ್ಟು ಮರ್ಯಾದೆಯಿಂದ: “ಲೈಟ್ ಹೋತ್ರಿ. ಅವ್ವ ಬರತಾಳ. ಇಡತೇನ್ರಿ.”

ಅಕ್ಕೋರು ಚಹಾದ ಬಸಿ ಕೆಳಗಿಟ್ಟು ಎದ್ದರು. ನಾವು ಒಳಗೆ ಹೋಗುವಷ್ಟರಲ್ಲಿ ಅಪ್ಪ ನಮಗಿಂತ ಮುಂದೆ ಹೋಗಿದ್ದ. ಫೋನು ಕಸಿದು ಕಡಪಾ ಕಲ್ಲಿನ ನೆಲಕ್ಕೆ ಬಡಿದ. ಒಮ್ಮೆ ಬಡಿದದ್ದು ಸಾಲದೆ ಎತ್ತಿ ಮತ್ತೆ ಬಡಿದ. ಆಮೇಲೆ ಮಗಳ ಕಡೆ ತಿರುಗಿದ. ಅಕ್ಕೋರು ಅವನ ರಟ್ಟೆ ಹಿಡಿದರು.

“ಆಕಿಗೆ ಯಾಕ ಬಡಿತೀಪಾ? ಕೇಳಿದಂವ ಅಂವ, ಆಕಿ ಅಲ್ಲ.”

“ಬಿಡ್ರಿ ಅಕ್ಕೋರ, ನನ್ನ ಮನಿ ವಿಚಾರ.”

“ಫೋನ್ ಯಾಕ ಒಡದಿ? ಅಂವ ಯಾರು, ಏನೇನ್ ಅಂದಾನು, ಎಲ್ಲಾ ಅದರಾಗ ಇತ್ತು. ಒಡದು ಅವನ್ನ ಉಳಿಸಿದ್ಯಲ್ಲೋ ತಮ್ಮಾ.”

ಆಗ ಹುಡುಗಿ ಬಾಯಿ ಬಿಟ್ಟಳು. ಅಳುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅವ್ವನನ್ನೇ ನೋಡುತ್ತಾ ಹೇಳಿದಳು: “ನಾ ಹೇಳೇನಲ್ಲ ಬೇ ಯವ್ವಾ. ಆ ಕಾಕಾ ಬಾಗಲಾ ಹಾಕು ಅಂತಾನ, ನನಗ ಹೆದರಿಕಿ ಬರತೈತಿ ಅಂತ ಹೇಳೇನಿ. ನೀ ಹೂಂ ಅಂದಿ.”

ಅವ್ವನಿಗೆ ನೆನಪಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮಗ್ಗದವರು ಗದ್ದಲದಲ್ಲಿ ಒಬ್ಬರ ತುಟಿ ನೋಡಿ ಒಬ್ಬರು ಮಾತು ತಿಳಿಯುತ್ತಾರೆ, ದನಿ ಬೇಕಿಲ್ಲ. ಆದರೆ ಮಗಳು ಹೊಸ್ತಿಲು ದಾಟಿ ಬರುವಂತಿರಲಿಲ್ಲ. ದಾಟಬಾರದೆಂದು ಅವರೇ ಕಲಿಸಿದ್ದರು. ಹುಡುಗಿ ಅಲ್ಲೇ ಹೊಸ್ತಿಲ ಮೇಲೆ, ಅವ್ವನ ಬೆನ್ನ ಹಿಂದೆ ನಿಂತು ಹೇಳಿತ್ತು. ಅವ್ವ ಹೊರಳಿ ನೋಡದೆ, ಏನೋ ತಿನ್ನಲು ಕೇಳುತ್ತಿದೆ ಎಂದುಕೊಂಡು ತಲೆ ಆಡಿಸಿದ್ದಳು.

ಆ ಮನುಷ್ಯ ಮಗುವಿನ ಕುಣಿತದ ವಿಡಿಯೋ ಮೆಚ್ಚಿಕೊಂಡು ಪರಿಚಯ ಮಾಡಿಕೊಂಡವನು. ವಿಡಿಯೋ ಹಾಕಿದ್ದು ಅವ್ವನೇ, ಮಗಳ ಹೆಮ್ಮೆಗೆ. ಆಟದಲ್ಲಿ ಬೇಕಾಗುವ ನಾಣ್ಯ ಕಳಿಸುತ್ತಾ, ಶಾಲೆ ಯಾವುದು, ಓಣಿ ಯಾವುದು, ಅವ್ವ ಮಗ್ಗಕ್ಕೆ ಕೂರುವುದು ಯಾವಾಗ ಎಂದು ಒಂದೊಂದೇ ಕೇಳಿ ತಿಳಿದುಕೊಂಡಿದ್ದ. ಅದಕ್ಕಿಂತ ಮುಂದೆ ಹೋಗಿರಲಿಲ್ಲ. ಮುಂದೆ ಹೋಗಲೆಂದೇ ಈಗ ಬಾಗಿಲು ಹಾಕಿಸಲು ಶುರು ಮಾಡಿದ್ದ, ಅಷ್ಟೇ.

ಅಂದಿನಿಂದ ನಡೆದದ್ದನ್ನು ನೆನೆದರೆ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ. ದೂರು ಕೊಡೋಣ ಎಂದು ಅಕ್ಕೋರು ಅಂಗಲಾಚಿದರು. ಮನೆಯವರು ಒಪ್ಪಲಿಲ್ಲ. ಕೊನೆಗೆ ಅಕ್ಕೋರೇ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದರು. ಬಾಗಲಕೋಟೆಯಿಂದ ಇಬ್ಬರು ಬಂದರು, ಸಾದಾ ಉಡುಪಿನಲ್ಲಿ, ಮೆತ್ತಗೆ ಮಾತಾಡಿದರು. ಅವರದೇನೂ ತಪ್ಪಿರಲಿಲ್ಲ. ಒಡೆದ ಫೋನಿನಿಂದ ಏನೂ ಸಿಗಲಿಲ್ಲ, ಅವನ ಆನ್‌ಲೈನ್ ಖಾತೆಯೂ ಅಷ್ಟೊತ್ತಿಗೆ ಮಾಯವಾಗಿತ್ತು. ಆದರೆ ಗುರುತಿಲ್ಲದ ಇಬ್ಬರು ಒಂದು ಮನೆಗೆ ಬಂದು ಹೋದರೆ ಓಣಿಗೆ ಅಷ್ಟೇ ಸಾಕು. ಆ ಹುಡುಗಿಗೆ ಏನೋ ಆಗಿದೆ ಎಂದು ಒಬ್ಬರು, ಏನೋ ಮಾಡಿಕೊಂಡಿದ್ದಾಳೆ ಎಂದು ಇನ್ನೊಬ್ಬರು. ಬೇರೆ ಊರಿನ ಯಾವನೋ ಹಲ್ಕಾನ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಮ್ಮವರು ಎಮ್ಮೆಗೂ ಅಲ್ಲ, ಕರುವಿಗೆ ಹಾಕಿದರು.

ಅಪ್ಪ ಶಾಲೆಗೇ ಬಂದು ಕೂಗಾಡಿದ. “ನೀವು ಗಪ್ಪ ಇದ್ದಿದ್ರ ನಮ್ಮ ನಾಕ ಗ್ವಾಡಿಯೊಳಗ ಮುಗಿತಿತ್ರಿ. ಕೂಸಿನ ಹೆಸರ ಕೆಡಿಸಿದವ್ರು ನೀವ.”

ಅಕ್ಕೋರು ಅಂದು ಎದುರು ಮಾತಾಡಲಿಲ್ಲ. “ಆತಪಾ, ನನಗ ಬೈ. ಆಕೀನ ಮಾತ್ರ ಸಾಲಿಗೆ ಕಳಸು” ಅಂದರು. ಅವರು ಯಾರ ಮುಂದಾದರೂ ದನಿ ಇಳಿಸಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅವನು ಕಳಿಸಲಿಲ್ಲ. ಹುಡುಗಿಯನ್ನು ಬೀಳಗಿ ತಾಲೂಕಿನ ಒಂದು ಹಳ್ಳಿಗೆ, ತಾಯಿಯ ತವರಿಗೆ ಸಾಗಿಸಿದರು. ಶಾಲೆ ಬಿಡಿಸಿದರು. ಅವ್ವ ಒಮ್ಮೆ, ಗಂಡ ರಬಕವಿಗೆ ನೇಯ್ದ ಬಟ್ಟೆ ವ್ಯಾಪಾರಿಗೆ ಹಾಕಲು ಹೋದ ಹೊತ್ತು ನೋಡಿ, ಶಾಲೆಯ ಹಿಂದಿನ ಗೇಟಿಗೆ ಬಂದಿದ್ದಳು. ಅಕ್ಕೋರ ಕೈ ಹಿಡಿದು, “ನಾ ಹೂಂ ಅನಬಾರದಿತ್ರಿ ಅಕ್ಕೋರ, ಒಂದ ಸರ್ತಿ ಹೊಳ್ಳಿ ನೋಡಬೇಕಿತ್ರಿ” ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಬೇರೆ ಏನೂ ಕೇಳಲು ಬಂದಿರಲಿಲ್ಲ.

ಒಂದು ರವಿವಾರ ಅಕ್ಕೋರು ಬಸ್ಸು ಹಿಡಿದು ಆ ಹಳ್ಳಿಗೆ ಹೋಗಿಬಂದರು. ಸೋದರಮಾವ, “ಓದಿ ಕಲತದ್ದು ಸಾಕಾಗೇತ್ರಿ” ಎಂದು ಕೈ ಮುಗಿದನಂತೆ. ಹುಡುಗಿ ಆಡಿಗೆ ಸೊಪ್ಪು ಹಾಕುತ್ತಿತ್ತಂತೆ. ಅಕ್ಕೋರನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬಂದು, ಬಸ್ಸು ಕಾಣುವಾಗ ಕೇಳಿತಂತೆ: “ಆ ಕಾಕಾಗ ಏನ್ ಮಾಡಿದ್ರೀ ಅಕ್ಕೋರ?”

“ನೀವೇನ್ ಹೇಳಿದ್ರಿ?” ಎಂದು ನಾನು ಕೇಳಿದೆ.

“ಏನ್ ಹೇಳಬೇಕಿತ್ರಿ? ಇನ್ನಾ ಹುಡುಕಾಕತ್ತಾರವಾ ಅಂದ್ನಿ.” ಅಂದು ಅವರು ಡಬ್ಬಿ ಬಿಚ್ಚಲಿಲ್ಲ.

ಹುಡುಕಿದರೋ ಇಲ್ಲವೋ, ಅವನು ಸಿಗಲಿಲ್ಲ. ಈಗ ಎಲ್ಲಿಯೋ ಆರಾಮಾಗಿದ್ದಾನೆ, ಇನ್ನಾವುದೋ ಮಗುವಿಗೆ ಪುಟ್ಟಾ ಅನ್ನುತ್ತಿದ್ದಾನೆ. ಶಿಕ್ಷೆ ಅನುಭವಿಸಿದವಳು ಒಬ್ಬಳೇ, ಹತ್ತು ವರ್ಷದ ಹುಡುಗಿ, ಹೇಳಬೇಕಾದವರಿಗೆ ಹೇಳಬೇಕಾದ್ದನ್ನು ಹೇಳಿದವಳು. ಮುಂದೆ ಅವಳಿಗೆ ಮದುವೆಯಾಯಿತು ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ನನಗೆ ಖಚಿತ ಗೊತ್ತಿಲ್ಲ.

ಊರು ಪಾಠ ಕಲಿಯಿತೆ? ಕಲಿಯಿತು. ಕಟ್ಟೆ ಕಟ್ಟೆಯ ಮೇಲೂ ಒಂದೇ ಮಾತು: ಹೆಣ್ಣು ಮಕ್ಕಳ ಕೈಗೆ ಫೋನು ಕೊಡಬಾರದು. ಗಂಡು ಹುಡುಗರು ಅದೇ ಒಳಕೋಣೆಯಲ್ಲಿ ಅದೇ ಬಾಗಿಲು ಹಾಕಿಕೊಂಡು ಕೂತೇ ಇದ್ದರು. “ತೋಳಕ್ಕ ಗಂಡು ಮರಿ ರುಚಿ ಹತ್ತೂದಿಲ್ಲೇನವಾ?” ಎಂದು ಅಕ್ಕೋರು ಕೇಳುತ್ತಿದ್ದರು. ಲೈಟ್ ಹೋದಾಗ ಅವರು ಓಣಿಯ ತುದಿಯಲ್ಲಿ ಕಾಣಿಸಿದರೆ, ಕಟ್ಟೆಯ ಮೇಲಿನ ಹೆಂಗಸರು ಒಬ್ಬೊಬ್ಬರೇ ಎದ್ದು ಒಳಗೆ ಹೋಗುತ್ತಿದ್ದರು. ‘ಮಾಡಿದವರ ಪಾಪ ಆಡಿದವರ ಬಾಯಾಗ’ ಎಂದು ಗಾದೆಯನ್ನೂ ಅವರಿಗೇ ಅಂಟಿಸಿದರು. ಆದರೂ ಅವರು ಹೋಗುವುದನ್ನು ಬಿಡಲಿಲ್ಲ. ಖಾಲಿ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಬೆವರೊರೆಸಿಕೊಂಡು, ಮುಂದಿನ ಓಣಿಗೆ ನಡೆಯುತ್ತಿದ್ದರು. ಒಂದೊಂದು ಮನೆಯವರು ಕರೆಯುತ್ತಲೂ ಇದ್ದರು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆ ಒಂದೊಂದು ಮನೆಯಲ್ಲಿ ಫೋನು ಇಂದಿಗೂ ಪಡಸಾಲೆಯಲ್ಲಿದೆ.

ನಿವೃತ್ತಿಯ ದಿನ ಶಾಲು, ಹಣ್ಣು, ಭಾಷಣ ಎಲ್ಲ ಆಯಿತು. ಅಧ್ಯಕ್ಷರೊಬ್ಬರು ಅವರನ್ನು ಮಕ್ಕಳ ಕಾವಲುಗಾರ್ತಿ ಎಂದು ಹೊಗಳಿದರು. ಅಕ್ಕೋರು ಮೈಕಿನ ಮುಂದೆ ನಿಂತು, “ಕಾಯಾಕ ಆಗಲಿಲ್ಲ” ಎಂದಷ್ಟೇ ಹೇಳಿ ಇಳಿದರು. ಎಲ್ಲರೂ ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು. ವಿನಯ ಅವರ ಜಾಯಮಾನದಲ್ಲೇ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ಮಾತು ಎಲ್ಲಿಂದ ಬಂತು ಎಂಬುದೂ ಗೊತ್ತಿತ್ತು.

ಅವರು ಶಾಲೆಯಲ್ಲಿದ್ದಾಗ ಶನಿವಾರ ನಮ್ಮದು ಮುಂಜಾನೆಯ ಶಾಲೆ. ಕೊನೆಯ ಪೀರಿಯಡ್ಡಿನಲ್ಲಿ ಅಕ್ಕೋರು ಪುಸ್ತಕ ಮುಚ್ಚಿಸಿ, ಆ ವಾರ ಫೋನಿನಲ್ಲಿ ಯಾರು ಏನು ನೋಡಿದಿರಿ, ಯಾರು ಏನು ಅಂದರು ಎಂದು ಕೇಳುತ್ತಿದ್ದರು. ಏನು ಹೇಳಿದರೂ ಬಡಿತವಿಲ್ಲ, ಬೈಗುಳವಿಲ್ಲ, ಹೆಸರು ಹಿಡಿದು ಮನೆಗೆ ದೂರಿಲ್ಲ. ಆ ಪೀರಿಯಡ್ಡಿನ ಗದ್ದಲಕ್ಕೆ ನಾನು ನನ್ನ ಪಾಠವನ್ನೇ ಕೈಬಿಡುತ್ತಿದ್ದೆ. ಮಕ್ಕಳು ಮುಗಿಬಿದ್ದು ಹೇಳುತ್ತಿದ್ದರು. ದೆವ್ವದ ವಿಡಿಯೋ ನೋಡಿ ಜ್ವರ ಬಂದದ್ದು. ಯಾರೋ ಕೇಳಿದರೆಂದು ಅಪ್ಪನ ಫೋನಿಗೆ ಬಂದ ನಂಬರು ಓದಿ ಹೇಳಿದ್ದು. ಗುರುತಿಲ್ಲದ ಅಂಕಲ್ ಒಬ್ಬ ಫೋಟೋ ಕೇಳಿದ್ದು. ಅಕ್ಕೋರು ನಗಬೇಕಾದ್ದಕ್ಕೆ ನಕ್ಕು, ಉಳಿದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಓಣಿಗೆ ಹೋಗುತ್ತಿದ್ದರು. ಆ ಐದನೇ ಇಯತ್ತೆಯ ಹುಡುಗಿ ಗುಟ್ಟನ್ನು ಅವ್ವನಿಗೆ ಹೇಳಬೇಕೆಂದು ಕಲಿತದ್ದೂ ಆ ಪೀರಿಯಡ್ಡಿನಲ್ಲೇ.

ಅವಳು ಹೋದ ಮೇಲಿನ ಒಂದು ಶನಿವಾರ, ಏನನ್ನೋ ಕೇಳಲು ಹೋದವನು ನಾನು ಅವರ ವರ್ಗದ ಬಾಗಿಲಲ್ಲಿ ನಿಂತೆ. ಅಕ್ಕೋರು ಎಂದಿನಂತೆ, “ಹೂಂ, ಹೇಳ್ರಿ ನೋಡೂಣು, ಈ ವಾರ ಏನೇನಾತು?” ಎಂದರು. ಒಂದು ಕೈಯೂ ಮೇಲೇಳಲಿಲ್ಲ. “ಏನೂ ಇಲ್ರೀ ಅಕ್ಕೋರ” ಎಂದು ಇಡೀ ವರ್ಗ ಪ್ರಾರ್ಥನೆ ಹೇಳಿದ ಹಾಗೆ ಒಂದೇ ದನಿಯಲ್ಲಿ ಹೇಳಿತು.

“ಏನೂ ಇಲ್ಲಾ? ಒಬ್ಬರದೂ ಏನೂ ಇಲ್ಲಾ? ಯಾಕ್ರಲೇ, ಬಾಯಿ ಹೊಲದಾರೇನು ನಿಮ್ಮವು?”

ಮುಂದಿನ ಸಾಲಿನಿಂದ ಒಂದು ಸಣ್ಣ ಹುಡುಗಿ ಎದ್ದು ನಿಂತಿತು. ಲಂಗದ ತುದಿ ಹಿಡಿದುಕೊಂಡು, ಅಕ್ಕೋರಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಮುಖ ಮಾಡಿ ಹೇಳಿತು: “ಹೇಳಿದ್ರ ಸಾಲಿ ಬಿಡಸತಾರ್ರಿ.”

ಮಕ್ಕಳೆಲ್ಲ ಅಕ್ಕೋರ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಬಿಡಸೂದಿಲ್ಲವಾ, ನಾ ಅದೇನಿ ಎಂದು ಒಂದು ಮಾತು ಬರಲಿ ಎಂದು ಕಾದೆ. ಬೇರೆ ಯಾವ ಶಿಕ್ಷಕರಾದರೂ ಅಷ್ಟು ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಬಸ್ ಸ್ಟ್ಯಾಂಡಿನ ಆ ಒಂದು ಮಾತು ಬಿಟ್ಟರೆ ಅಕ್ಕೋರು ಮಕ್ಕಳಿಗೆ ಎಂದೂ ಸುಳ್ಳು ಹೇಳಿದವರಲ್ಲ.

“ಕುಂಡ್ರವಾ” ಅಂದರು.